ಹಸಿದ ನಾಡಿನ ತುಂಬಿದ ಪಾತ್ರೆ

ಡಿಸೆಂಬರ್ ತಿಂಗಳಿನಲ್ಲಿ ಡಬ್ಲಿನ್ ನಗರದ ಮೇಲೆ ಸಂಜೆ ನಾಲ್ಕು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಹಿಮಕ್ಕಿಂತ ಮಳೆಯೇ ಹೆಚ್ಚು. ಎಲುಬಿಗೆ ಇಳಿಯುವ ಒದ್ದೆ ಚಳಿ. ಅಂಥ ನಾಡಿನ ಅಡುಗೆಮನೆಗೆ ಹೇಳಿ ಮಾಡಿಸಿದಂತಿರುವ ಖಾದ್ಯವೊಂದಿದೆ. ದಪ್ಪ ತಳದ ಮುಚ್ಚಳದ ಪಾತ್ರೆಯಲ್ಲಿ ದನದ ಮಾಂಸ, ಈರುಳ್ಳಿ, ಕ್ಯಾರೆಟ್, ಬಟಾಟೆಗಳನ್ನು ಸ್ಟೌಟ್ ಎಂಬ ಕಪ್ಪು ಬಿಯರಿನಲ್ಲಿ ಮುಳುಗಿಸಿ ಸುಮಾರು ಮೂರು ಗಂಟೆ ಕಾಲ ಸಣ್ಣ ಶಾಖದಲ್ಲಿ ಬೇಯಿಸುವುದು. ಇದಕ್ಕೆ ಕ್ಯಾಸರೋಲ್ ಎಂದು ಹೆಸರು. ಶಬ್ದ ಫ್ರೆಂಚರದು, ಮೂಲತಃ ಪಾತ್ರೆಯ ಹೆಸರು, ಅನಂತರ ಆ ಪಾತ್ರೆಯಲ್ಲಿ ಬೆಂದುದರ ಹೆಸರೂ ಆಯಿತು.

ಪ್ರತಿವರ್ಷ ಮಾರ್ಚ್ 17ರಂದು, ಸಂತ ಪ್ಯಾಟ್ರಿಕನ ಹಬ್ಬದ ದಿನ, ಜಗತ್ತಿನ ನಾನಾ ನಗರಗಳ ಹೋಟೆಲುಗಳು ಇದನ್ನು ಐರ್ಲೆಂಡಿನ ಪುರಾತನ ರೈತರ ಊಟವೆಂದು ಬಡಿಸುತ್ತವೆ. ಆ ಮಾತು ಅರ್ಧಕ್ಕಿಂತ ಹೆಚ್ಚು ಸುಳ್ಳು. ದನ ಪುರಾತನವಾದುದು ನಿಜ. ಒಂದೇ ಪಾತ್ರೆಯಲ್ಲಿ ಎಲ್ಲವನ್ನೂ ಬೇಯಿಸುವ ಪದ್ಧತಿಯೂ ಪುರಾತನವೇ. ಆದರೆ ಆ ನಾಡಿನ ಬಡ ರೈತ ತಾನು ಸಾಕಿದ ದನದ ಮಾಂಸವನ್ನು ವಾರದ ನಡುವೆ ತನ್ನ ಮಕ್ಕಳಿಗೆ ಹೊಟ್ಟೆತುಂಬ ಬಡಿಸಬಲ್ಲವನಾದುದು ತೀರ ಈಚಿನ ಸಂಗತಿ. ಈ ಪಾತ್ರೆಯನ್ನು ಒಲೆಗೇರಿಸುವ ಮೊದಲು ಆ ಕಥೆಯನ್ನು ತಿಳಿಯುವುದು ಲೇಸು.

ಐರಿಶ್ ಭಾಷೆಯಲ್ಲಿ ಹಸುವಿಗೆ ‘ಬೋ’ ಎನ್ನುತ್ತಾರೆ. ಸಂಸ್ಕೃತದ ‘ಗೋ’ ಮತ್ತು ಈ ‘ಬೋ’ ಒಂದೇ ಮೂಲದಿಂದ ಕವಲೊಡೆದ ಮಾತುಗಳೆಂದು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಕನ್ನಡ ಬೇರೆ ಕುಲದ ಭಾಷೆಯಾದರೂ ಸಂಸ್ಕೃತದಿಂದ ಬಂದ ‘ಗೋವು’ ನಮ್ಮಲ್ಲಿ ನೆಲೆಯೂರಿರುವುದರಿಂದ, ಐರ್ಲೆಂಡಿನ ಕೊಟ್ಟಿಗೆಯ ಕೂಗು ನಮ್ಮ ಕೊಟ್ಟಿಗೆಗೂ ಹೀಗೊಂದು ಬಳಸುದಾರಿಯಲ್ಲಿ ಕೇಳಿಸುತ್ತದೆ. ಆ ಭಾಷೆಯಲ್ಲಿ ರಸ್ತೆಗೆ ‘ಬೋಹರ್’ ಎಂಬ ಮಾತಿದೆ. ಅದರೊಳಗೂ ಹಸುವೇ ಇದೆ, ದನ ನಡೆದ ಹಾದಿಯೆಂದು ಅರ್ಥ. ಹುಡುಗನಿಗಿರುವ ಮಾತು ಮೊದಲಿಗೆ ದನಗಾಹಿ ಎಂಬ ಅರ್ಥದ್ದು. ಪ್ರಾಚೀನ ಐರಿಶ್ ಧರ್ಮಶಾಸನಗಳಲ್ಲಿ ದಂಡವನ್ನಾಗಲಿ, ಮನುಷ್ಯನ ಅಂತಸ್ತನ್ನಾಗಲಿ ಅಳೆಯಲು ಕರೆಯುವ ಹಸುವೇ ಮಾನದಂಡವಾಗಿತ್ತು. ನಾಣ್ಯವಿಲ್ಲದ ಕಾಲದಲ್ಲಿ ಹಸುವೇ ನಾಣ್ಯ.

ಆ ನಾಡಿನ ಅತ್ಯಂತ ಪ್ರಸಿದ್ಧ ಪ್ರಾಚೀನ ಕಥಾನಕವೂ ದನದ ಕಥೆಯೇ. ‘ಟಾನ್ ಬೋ ಕೂಲಿನ್ಯ’ ಎಂದರೆ ಕೂಲಿನ್ಯ ಎಂಬ ಊರಿನ ತುರುಗೊಳ್. ಕನಾಕ್ಟಿನ ರಾಣಿ ಮೇವ್ ಮತ್ತು ಅವಳ ಗಂಡ ಆಲಿಲ್ ಹಾಸಿಗೆಯಲ್ಲಿ ಮಲಗಿ ಯಾರ ಸಂಪತ್ತು ಹೆಚ್ಚೆಂದು ಮಾತಿಗೆ ಮಾತು ಬೆಳೆಸುತ್ತಾರೆ. ಎಲ್ಲವೂ ಸಮಸಮವಾಗಿರುತ್ತದೆ, ಗಂಡನ ಬಳಿಯಿರುವ ಬಿಳಿ ಕೋಡಿನ ಗೂಳಿಯೊಂದರ ಹೊರತು. ಅದಕ್ಕೆ ಸಾಟಿಯಾದ ಕಂದು ಗೂಳಿಯೊಂದು ಅಲ್ಸ್ಟರ್ ಸೀಮೆಯಲ್ಲಿದೆಯೆಂದು ತಿಳಿದು ರಾಣಿ ದಂಡೆತ್ತಿ ಹೋಗುತ್ತಾಳೆ. ಅಲ್ಸ್ಟರಿನ ವೀರರೆಲ್ಲ ಶಾಪದಿಂದ ನರಳುತ್ತ ಮಲಗಿರುವಾಗ ಕೂ ಖುಲಿನ್ ಎಂಬ ತರುಣನೊಬ್ಬನೇ ಇಡೀ ಸೈನ್ಯವನ್ನು ತಡೆದು ನಿಲ್ಲಿಸುತ್ತಾನೆ. ಹಬ್ಬದ ರಾತ್ರಿಗಳಲ್ಲಿ ಉತ್ತರ ಗೋಗ್ರಹಣದ ತಾಳಮದ್ದಳೆ ಕೇಳಿ ಬೆಳೆದ ಮನೆಗಳಿಗೆ ಈ ಕಥೆಯ ಜಾಡು ಅಪರಿಚಿತವೆನಿಸದು. ಕನ್ನಡ ನಾಡಿನ ಉದ್ದಗಲಕ್ಕೂ ನಿಂತಿರುವ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ತುರುಗೊಳ್ ಕಾಳಗದಲ್ಲಿ ಮಡಿದವರವೇ. ಟಾನ್ ಕಥೆಯ ಅತ್ಯಂತ ಹಳೆಯ ಪಾಠವೊಂದು ಉಳಿದುಬಂದಿರುವ 12ನೆಯ ಶತಮಾನದ ಹಸ್ತಪ್ರತಿಗೆ ‘ಕಂದು ಹಸುವಿನ ಪುಸ್ತಕ’ ಎಂದೇ ಹೆಸರು. ಸಂತನೊಬ್ಬನ ಹಸುವಿನ ಚರ್ಮದಿಂದ ಅದರ ಹಾಳೆಗಳಾದವೆಂಬ ಐತಿಹ್ಯವಿದೆ.

ಇಷ್ಟೆಲ್ಲ ದನವಿದ್ದರೂ ಹಳೆಯ ಐರ್ಲೆಂಡಿಗರು ಮಾಂಸಕ್ಕಿಂತ ಹಾಲನ್ನೇ ನಂಬಿದ್ದರು. ಹಾಲು, ಮೊಸರು, ಬೆಣ್ಣೆ, ಗಿಣ್ಣುಗಳಿಗೆ ಒಟ್ಟಾಗಿ ‘ಬಿಳಿಯ ಆಹಾರ’ ಎಂದು ಕರೆಯುತ್ತಿದ್ದರು. ಕರೆಯುವ ಹಸುವನ್ನು ಕಡಿಯುವುದು ಬಂಡವಾಳವನ್ನೇ ನುಂಗಿದಂತೆ. ಗಂಡು ಕರುಗಳು ಮತ್ತು ಮುದಿ ಹಸುಗಳು ಮಾತ್ರ ಅಡುಗೆಗೆ ಸಲ್ಲುತ್ತಿದ್ದವು. ಅದರಲ್ಲೂ ಒಳ್ಳೆಯ ಭಾಗ ಒಡೆಯರ ಪಂಕ್ತಿಗೆ.

17ನೆಯ ಶತಮಾನದಲ್ಲಿ ಐರ್ಲೆಂಡಿನ ಭೂಮಿಯ ಬಹುಭಾಗ ಇಂಗ್ಲೆಂಡಿನಿಂದ ಬಂದ ಜಮೀನ್ದಾರರ ಕೈಸೇರಿತು. 1660ರ ದಶಕದಲ್ಲಿ ಇಂಗ್ಲೆಂಡಿನ ಸಂಸತ್ತು ತನ್ನ ರೈತರ ಹಿತಕ್ಕಾಗಿ ಐರ್ಲೆಂಡಿನಿಂದ ಜೀವಂತ ದನಗಳನ್ನು ತರುವುದನ್ನು ಕಾನೂನಿನಿಂದ ತಡೆಯಿತು. ದನವನ್ನು ಹಾಗೆಯೇ ಸಾಗಿಸುವಂತಿಲ್ಲವಾದಾಗ ವ್ಯಾಪಾರಿಗಳು ಅದನ್ನು ಕಡಿದು ಉಪ್ಪಿನಲ್ಲಿ ಹೂತು ಪೀಪಾಯಿಗಳಲ್ಲಿ ತುಂಬಿದರು. ದಕ್ಷಿಣದ ಕಾರ್ಕ್ ಬಂದರು ಈ ಉಪ್ಪುಮಾಂಸಕ್ಕೆ ಜಗತ್ಪ್ರಸಿದ್ಧವಾಯಿತು. ಕಾರ್ಕಿನ ಮಾಂಸ ಬ್ರಿಟಿಷ್ ನೌಕಾಪಡೆಯ ಹಡಗುಗಳಿಗೆ ಹೋಯಿತು, ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಗೆ ಹೋಯಿತು. ಆ ದನವನ್ನು ಮೇಯಿಸಿದವರ ಮನೆಗೆ ಮಾತ್ರ ಹೋಗಲಿಲ್ಲ.

ಆ ಮನೆಗಳಿಗೆ ಬಂದದ್ದು ಬಟಾಟೆ. ದಕ್ಷಿಣ ಅಮೆರಿಕದ ಬೆಟ್ಟಗಳ ಈ ಗೆಡ್ಡೆ 16ನೆಯ ಶತಮಾನದ ಕೊನೆಯ ವೇಳೆಗೆ ಐರ್ಲೆಂಡನ್ನು ಮುಟ್ಟಿತು. ಐರಿಶಿನಲ್ಲಿ ಅದು ‘ಪ್ರಾತಾ’ ಆಯಿತು. ನಮ್ಮ ಕಡಲತೀರಕ್ಕೆ ಪೋರ್ಚುಗೀಸರ ಬಾಯಿಂದ ‘ಬಟಾಟೆ’ಯಾಗಿ ಬಂತು. ಎರಡರ ಬೇರೂ ಕೆರಿಬಿಯನ್ ದ್ವೀಪವಾಸಿಗಳ ಒಂದೇ ಮಾತಿನಲ್ಲಿದೆ. ಒದ್ದೆ ನೆಲದಲ್ಲಿ, ಅಂಗೈಯಗಲದ ಗೇಣಿ ಹೊಲದಲ್ಲಿ, ಗುದ್ದಲಿಯೊಂದರಿಂದಲೇ ಕುಟುಂಬವೊಂದನ್ನು ಸಾಕಬಲ್ಲ ಬೇರೆ ಬೆಳೆ ಅಲ್ಲಿರಲಿಲ್ಲ. ಬಟಾಟೆ ಮತ್ತು ಮಜ್ಜಿಗೆ, ಇವೆರಡೇ ಲಕ್ಷಾಂತರ ಜನರ ಮೂರು ಹೊತ್ತಿನ ಊಟವಾದವು. ದುಡಿಯುವ ಗಂಡಾಳೊಬ್ಬ ದಿನಕ್ಕೆ 5 ಕಿಲೋಗೂ ಹೆಚ್ಚು ಬಟಾಟೆ ತಿನ್ನುತ್ತಿದ್ದನೆಂದು ದಾಖಲೆಗಳು ಹೇಳುತ್ತವೆ. ಮನೆಯಲ್ಲಿ ಹಂದಿಯೊಂದು ಬೆಳೆಯುತ್ತಿದ್ದರೆ ಅದು ತಿನ್ನುವುದಕ್ಕಲ್ಲ, ಮಾರಿ ಗೇಣಿ ತೆರುವುದಕ್ಕೆ. ಆದುದರಿಂದಲೇ ಹಂದಿಗೆ ‘ಗೇಣಿ ಕಟ್ಟುವ ಮಹಾಶಯ’ ಎಂಬ ಕುಹಕದ ಬಿರುದಿತ್ತು.

1845ರ ಶರತ್ಕಾಲದಲ್ಲಿ ಬಟಾಟೆಯ ಎಲೆಗಳು ಕಪ್ಪಾದವು. ಶಿಲೀಂಧ್ರದಂತೆ ಹರಡುವ ಸೂಕ್ಷ್ಮಜೀವಿಯೊಂದರ ರೋಗ ಹೊಲದಿಂದ ಹೊಲಕ್ಕೆ ಹಬ್ಬಿತು. ಅಗೆದು ತೆಗೆದ ಗೆಡ್ಡೆಗಳು ಕೊಳೆತು ನಾರಿದವು. ಮುಂದಿನ ವರ್ಷ ಬೆಳೆ ಹೆಚ್ಚುಕಡಿಮೆ ಪೂರ್ತಿ ನಾಶವಾಯಿತು. 1841ರ ಜನಗಣತಿಯಲ್ಲಿ 80 ಲಕ್ಷ ದಾಟಿದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿದಿತ್ತು. ಹತ್ತಿರ ಹತ್ತಿರ 10 ಲಕ್ಷ ಜನ ಹಸಿವಿನಿಂದಲೂ ಹಸಿವಿನ ಬೆನ್ನಿಗೆ ಬಂದ ಜ್ವರಗಳಿಂದಲೂ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಆ ವರ್ಷಗಳಲ್ಲೂ ದನ ಮತ್ತು ಬೆಣ್ಣೆ ತುಂಬಿದ ಹಡಗುಗಳು ಐರ್ಲೆಂಡಿನ ಬಂದರುಗಳಿಂದ ಬ್ರಿಟನ್ನಿಗೆ ಹೋಗುತ್ತಲೇ ಇದ್ದವು. ಅಮೆರಿಕದಿಂದ ಮೆಕ್ಕೆಜೋಳವೂ ಬಂತು, 1847ರಲ್ಲಿ ಧಾನ್ಯದ ಆಮದು ರಫ್ತನ್ನು ಮೀರಿತ್ತು ಎಂಬುದನ್ನೂ ಇತಿಹಾಸಕಾರರು ನೆನಪಿಸುತ್ತಾರೆ. ಆದರೆ ಕೊಳ್ಳಲು ಕಾಸಿಲ್ಲದವನಿಗೆ ಬಂದರಿನಲ್ಲಿ ಇಳಿದ ಧಾನ್ಯವೂ ಒಂದೇ, ಏರಿದ ದನವೂ ಒಂದೇ.

ಕ್ಷಾಮದ ಅನಂತರ ಒಕ್ಕಲುಗಳಿಲ್ಲದ ಹೊಲಗಳು ಹುಲ್ಲುಗಾವಲುಗಳಾದವು. ಜನ ಕಡಿಮೆಯಾದಂತೆ ದನ ಹೆಚ್ಚಿತು. ಇಂದಿಗೂ ಐರ್ಲೆಂಡ್ ಗಣರಾಜ್ಯದಲ್ಲಿ ಮನುಷ್ಯರಿಗಿಂತ ದನಗಳ ಸಂಖ್ಯೆ ಹೆಚ್ಚು. ಅಲ್ಲಿ ಉತ್ಪಾದನೆಯಾಗುವ ದನದ ಮಾಂಸದಲ್ಲಿ ನೂರಕ್ಕೆ ಸುಮಾರು 90 ಪಾಲು ಈಗಲೂ ಹೊರದೇಶಗಳಿಗೆ ಹೋಗುತ್ತದೆ. ವ್ಯತ್ಯಾಸವಿಷ್ಟೇ: ಈಗ ಅದನ್ನು ಬೆಳೆಸಿದವನ ಮನೆಯಲ್ಲೂ ಒಂದು ಪಾತ್ರೆ ಬೇಯುತ್ತದೆ.

ಕ್ಷಾಮ ನುಂಗಿದ್ದು ಜನರನ್ನು ಮಾತ್ರವಲ್ಲ. ಸತ್ತವರಲ್ಲೂ ಹಡಗು ಹತ್ತಿದವರಲ್ಲೂ ಬಹಳಷ್ಟು ಮಂದಿ ಪಶ್ಚಿಮ ಮತ್ತು ದಕ್ಷಿಣದ ಬಡ ಸೀಮೆಗಳವರು. ಐರಿಶ್ ಭಾಷೆ ದಟ್ಟವಾಗಿದ್ದುದೂ ಅಲ್ಲಿಯೇ. 1831ರಿಂದ ಸ್ಥಾಪನೆಯಾದ ಸರಕಾರಿ ಪ್ರಾಥಮಿಕ ಶಾಲೆಗಳ ಮಾಧ್ಯಮ ಇಂಗ್ಲಿಷ್. ಮಗುವಿನ ಕೊರಳಿಗೆ ಕೋಲೊಂದನ್ನು ಕಟ್ಟಿ, ಅದು ಐರಿಶ್ ಮಾತಾಡಿದಾಗಲೆಲ್ಲ ಕೋಲಿನ ಮೇಲೊಂದು ಗೀರು ಹಾಕಿ, ಸಂಜೆ ಗೀರುಗಳನ್ನೆಣಿಸಿ ಶಿಕ್ಷಿಸುವ ಪದ್ಧತಿ ಹಲವೆಡೆ ಇತ್ತು. ಇದಕ್ಕೆ ಶಾಲೆಯನ್ನಷ್ಟೇ ದೂರಿದರೆ ಸಾಲದು. ಎಷ್ಟೋ ತಂದೆತಾಯಿಗಳೇ ಇದನ್ನು ಒಪ್ಪಿದ್ದರು, ಏಕೆಂದರೆ ಬಾಸ್ಟನ್ನಿಗೋ ಲಿವರ್‌ಪೂಲಿಗೋ ಹೋಗಬೇಕಾದ ಮಗುವಿಗೆ ಇಂಗ್ಲಿಷ್ ಬೇಕಿತ್ತು. 1851ರ ಗಣತಿಯಲ್ಲಿ ಐರಿಶ್ ಬಲ್ಲವರು ಸುಮಾರು 15 ಲಕ್ಷ. ಅಂದರೆ ಉಳಿದ ಜನಸಂಖ್ಯೆಯಲ್ಲಿ ನಾಲ್ಕರಲ್ಲೊಬ್ಬರಿಗಿಂತಲೂ ಕಡಿಮೆ.

ಮನೆಮಾತು ಬದಲಾದಾಗ ಮನೆಯ ಅಡುಗೆಯ ಮಾತುಗಳೂ ಹೋಗುತ್ತವೆ. ಯಾವ ಹಿಟ್ಟಿಗೆ ಯಾವ ಹದ, ಯಾವ ಹಬ್ಬಕ್ಕೆ ಯಾವ ತಿನಿಸು ಎಂಬುದನ್ನು ಬಡವರ ಮನೆಯಲ್ಲಿ ಯಾರೂ ಪುಸ್ತಕದಲ್ಲಿ ಬರೆದಿಟ್ಟಿರಲಿಲ್ಲ. ಐರ್ಲೆಂಡಿನ ಹಳೆಯ ಅಡುಗೆಪುಸ್ತಕಗಳು ದೊಡ್ಡ ಮನೆಗಳವು, ಇಂಗ್ಲಿಷಿನವು. ಹಾಗಿದ್ದರೂ ಬಡವರ ಊಟದ ವಿವರ ಇಂದು ನಮಗೆ ಬಹುಮಟ್ಟಿಗೆ ತಿಳಿದಿದೆ. ಅದನ್ನು ಉಳಿಸಿಕೊಟ್ಟವರು ಶಾಲಾ ಮಕ್ಕಳು.

1935ರಲ್ಲಿ ಸ್ವತಂತ್ರ ಐರ್ಲೆಂಡಿನ ಸರಕಾರ ಜಾನಪದ ಆಯೋಗವೊಂದನ್ನು ಸ್ಥಾಪಿಸಿತು. ಅದರ ನಿರ್ದೇಶಕ ಸೇಮಸ್ ಓ ಡುಯಿಲಾರ್ಗ ಮತ್ತು ಸಂಗ್ರಹಪಾಲಕ ಶಾನ್ ಓ ಸೂಲೆವಾನ್ ಶಿಕ್ಷಣ ಇಲಾಖೆಯೊಡನೆ ಮಾತಾಡಿ ಒಂದು ಯೋಜನೆ ಹೂಡಿದರು. 1937ರಿಂದ 1939ರವರೆಗೆ 26 ಜಿಲ್ಲೆಗಳ ಸುಮಾರು 5,000 ಪ್ರಾಥಮಿಕ ಶಾಲೆಗಳಲ್ಲಿ ಮೇಲಿನ ತರಗತಿಗಳ ಮಕ್ಕಳು ಪ್ರಬಂಧದ ಅವಧಿಯಲ್ಲಿ ಬೇರೆ ಪ್ರಬಂಧ ಬರೆಯುವ ಬದಲು ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನೂ ನೆರೆಯ ಹಿರಿಯರನ್ನೂ ಕೇಳಿ ಬರೆದು ತಂದರು. ಊರಿನ ಬಾವಿಗಳ ಹೆಸರೇನು, ಹೊಲಗಳ ಹೆಸರೇನು, ಕ್ಷಾಮದ ಕಾಲದಲ್ಲಿ ಇಲ್ಲಿ ಏನಾಯಿತು, ಬೆಣ್ಣೆ ಕಡೆಯುವುದು ಹೇಗೆ, ಹಿಂದಿನವರು ಏನು ಉಣ್ಣುತ್ತಿದ್ದರು. ಸುಮಾರು 50,000 ಮಕ್ಕಳು ಬರೆದರು. ಕೆಲವರು ಐರಿಶಿನಲ್ಲಿ, ಹೆಚ್ಚಿನವರು ಇಂಗ್ಲಿಷಿನಲ್ಲಿ. ಆಗ 80ರ ಆಸುಪಾಸಿನಲ್ಲಿದ್ದ ಅಜ್ಜಿಯರ ತಂದೆತಾಯಿಗಳು ಕ್ಷಾಮವನ್ನು ಕಣ್ಣಾರೆ ಕಂಡವರು. ಇನ್ನು ಹತ್ತು ವರ್ಷ ತಡವಾಗಿದ್ದರೆ ಆ ಎಳೆ ಕಡಿದುಹೋಗುತ್ತಿತ್ತು.

ಈ ಬರಹಗಳಲ್ಲಿ ಊಟದ ವಿಷಯ ಬಂದಲ್ಲೆಲ್ಲ ಮರಳಿ ಮರಳಿ ಕಾಣುವುದು ಬಟಾಟೆ, ಓಟ್ಸ್ ಗಂಜಿ, ಮಜ್ಜಿಗೆ, ಕರಾವಳಿಯಾದರೆ ಉಪ್ಪುಮೀನು. ಮಾಂಸದ ಮಾತು ಬಂದರೆ ಅದು ಕ್ರಿಸ್‌ಮಸ್‌ಗೋ ಈಸ್ಟರಿಗೋ ಸಂಬಂಧಿಸಿದ್ದು, ಅದೂ ಹೆಚ್ಚಾಗಿ ಹಂದಿಯದು. ಪುರಾತನ ರೈತರ ಊಟವೆಂದು ಹೋಟೆಲುಗಳು ಬಡಿಸುವ ದನದ ಮಾಂಸದ ಪಾತ್ರೆಗೆ ಮಕ್ಕಳ ಈ ನೋಟ್‌ಪುಸ್ತಕಗಳಿಗಿಂತ ಗಟ್ಟಿಯಾದ ಉತ್ತರ ಬೇರೆ ಇಲ್ಲ. ಜಾನಪದ ಆಯೋಗದ ಸಂಗ್ರಹವನ್ನು 2017ರಲ್ಲಿ ಯುನೆಸ್ಕೋ ತನ್ನ ‘ವಿಶ್ವಸ್ಮೃತಿ’ ಪಟ್ಟಿಗೆ ಸೇರಿಸಿತು. ಮಕ್ಕಳ ಕೈಬರಹದ ಪುಟಗಳನ್ನು ಈಗ ಅಂತರಜಾಲದಲ್ಲಿ ಯಾರು ಬೇಕಾದರೂ ಓದಬಹುದು. ಅಜ್ಜಿಯ ಪತ್ರೊಡೆಯ ಹದವನ್ನೂ ರೊಟ್ಟಿ ಬಡಿಯುವ ಬಗೆಯನ್ನೂ ಯಾವ ಶಾಲೆಯ ಪ್ರಬಂಧದ ಅವಧಿಯಲ್ಲಿ ಯಾರು ಬರೆಸುತ್ತಿದ್ದಾರೆಂದು ಗಡಿನಾಡಿನ ಕನ್ನಡ ಶಾಲೆಗಳು ಕೇಳಿಕೊಳ್ಳುವುದಕ್ಕೂ ಇದು ಸಕಾಲ.

ಐರಿಶಿನ ಇಂದಿನ ಸ್ಥಿತಿಯನ್ನೂ ಎರಡು ಮಾತಿನಲ್ಲಿ ಹೇಳಬೇಕು. 2022ರ ಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತಮಗೆ ಐರಿಶ್ ಬರುತ್ತದೆಂದು ಬರೆಸಿದರು. ಶಾಲೆಯ ಹೊರಗೆ ದಿನನಿತ್ಯ ಅದನ್ನಾಡುವವರು ಸುಮಾರು 72,000 ಮಾತ್ರ. ಸಂವಿಧಾನದ ಪ್ರಕಾರ ಅದೇ ಮೊದಲನೆಯ ಅಧಿಕೃತ ಭಾಷೆ. ಕಾಗದದ ಮೇಲಿನ ಸ್ಥಾನಕ್ಕೂ ಅಡುಗೆಮನೆಯ ಬಳಕೆಗೂ ಇರುವ ಅಂತರವನ್ನು ಈ ಎರಡು ಅಂಕಿಗಳಿಗಿಂತ ಚೆನ್ನಾಗಿ ಹೇಳುವುದು ಕಷ್ಟ. ಆ ಅಂತರವನ್ನು ತುಂಬಲು ಐರಿಶ್ ಮಾಧ್ಯಮದ ಶಾಲೆಗಳನ್ನು ಊರೂರಿನಲ್ಲಿ ತಂದೆತಾಯಿಗಳೇ ಒತ್ತಾಯಿಸಿ ತೆರೆಸಿದ್ದಾರೆ.

ಇನ್ನು ಬಿಯರಿನ ಮಾತು. ಬಾರ್ಲಿಯನ್ನು ನೆನೆಸಿ ಮೊಳಕೆ ಕಟ್ಟಿ ಒಣಗಿಸಿ, ಬಿಸಿನೀರಿನಲ್ಲಿ ಅದರ ಸಿಹಿಯನ್ನು ಇಳಿಸಿ, ಹಾಪ್ಸ್ ಹೂವಿನ ಕಹಿ ಬೆರೆಸಿ ಹುದುಗಿಸಿದರೆ ಬಿಯರ್. ಅದಕ್ಕೆ ಕಾಫಿಬೀಜದಂತೆ ಕಪ್ಪಗೆ ಹುರಿದ ಬಾರ್ಲಿ ಸೇರಿದರೆ ಸ್ಟೌಟ್. ಇದರ ಹಿರಿಯಣ್ಣನಾದ ಪೋರ್ಟರ್ 18ನೆಯ ಶತಮಾನದ ಲಂಡನ್ನಿನ ಹಮಾಲಿಗಳ ಪಾನೀಯ. ಹೆಸರು ಬಂದದ್ದೂ ಹಮಾಲಿಗಳಿಂದಲೇ. ಆರ್ಥರ್ ಗಿನ್ನೆಸ್ 1759ರಲ್ಲಿ ಡಬ್ಲಿನ್ನಿನ ಸೇಂಟ್ ಜೇಮ್ಸ್ ಗೇಟಿನಲ್ಲಿ ಪಾಳುಬಿದ್ದ ಬಟ್ಟಿಯೊಂದನ್ನು ವರ್ಷಕ್ಕೆ 45 ಪೌಂಡ್ ಬಾಡಿಗೆಯಂತೆ 9,000 ವರ್ಷಗಳಿಗೆ ಗುತ್ತಿಗೆ ಹಿಡಿದ. ಅಂಕಿಯಲ್ಲಿ ತಪ್ಪಿಲ್ಲ, ಒಂಬತ್ತು ಸಾವಿರವೇ. ಕಾರ್ಕಿನಲ್ಲಿ ಬೀಮಿಶ್ ಮತ್ತು ಮರ್ಫಿ ಎಂಬ ಎರಡು ಸ್ಟೌಟ್‌ಗಳಿವೆ. ಕಾರ್ಕಿನವರ ಅಡುಗೆಯಲ್ಲಿ ಡಬ್ಲಿನ್ನಿನ ಸ್ಟೌಟ್ ಬಿದ್ದರೆ ಅದೊಂದು ಸಣ್ಣ ಜಗಳ. ಹೈಸ್ಕೂಲು ದಾಟಿ ಸಂಖ್ಯಾಶಾಸ್ತ್ರ ಓದುವ ಮಕ್ಕಳಿಗೆ ಮುಂದೆ ‘ಸ್ಟೂಡೆಂಟ್ ಟೀ ಪರೀಕ್ಷೆ’ ಎಂಬುದೊಂದು ಎದುರಾಗುತ್ತದೆ. ಅದನ್ನು 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಪ್ರಕಟಿಸಿದ ವಿಲಿಯಂ ಸೀಲಿ ಗಾಸೆಟ್ ಇದೇ ಗಿನ್ನೆಸ್ ಬಟ್ಟಿಯ ನೌಕರ. ಕೆಲವೇ ಮಾದರಿಗಳನ್ನು ನೋಡಿ ಬಾರ್ಲಿಯ ಗುಣವನ್ನು ನಿರ್ಣಯಿಸುವುದು ಹೇಗೆಂಬ ತೊಡಕು ಅವನನ್ನು ಆ ಗಣಿತಕ್ಕೆ ಎಳೆದೊಯ್ದಿತು.

ಅಡುಗೆಗೆ ಬರೋಣ. ಆರು ಜನರ ಊಟಕ್ಕೆ 1 ಕಿಲೋ ಮಾಂಸ ಬೇಕು. ಇಲ್ಲಿ ಮೆತ್ತಗಿನ, ದುಬಾರಿ ಮಾಂಸ ತಂದವನು ಸೋಲುತ್ತಾನೆ. ದನ ಬದುಕಿರುವಾಗ ಹೆಚ್ಚು ದುಡಿದ ಭಾಗಗಳು, ಅಂದರೆ ಭುಜ ಮತ್ತು ಕಾಲಿನ ಮಾಂಸ, ಬಿಳಿ ನಾರುಪೊರೆಗಳಿಂದ ತುಂಬಿರುತ್ತವೆ. ಆ ಪೊರೆ ಕೊಲಾಜನ್ ಎಂಬ ಪ್ರೋಟೀನು. ಬೇಗ ಬೇಯಿಸಿದರೆ ಅದು ರಬ್ಬರಿನಂತೆ ಹಲ್ಲಿಗೆ ಸಿಗುತ್ತದೆ. ನೀರಿನಂಶದೊಡನೆ ಗಂಟೆಗಟ್ಟಲೆ ಸಣ್ಣ ಶಾಖದಲ್ಲಿಟ್ಟರೆ ಕರಗಿ ಜೆಲಟಿನ್ ಆಗಿ ಸಾರಿಗೆ ಮೈಕೊಡುತ್ತದೆ. ಬಡವರ ಪಾಲಿಗೆ ಬರುತ್ತಿದ್ದ ಅಗ್ಗದ ತುಂಡೇ ಈ ಪಾತ್ರೆಗೆ ಶ್ರೇಷ್ಠವೆನಿಸಿದ್ದು ಹೀಗೆ.

ಮಾಂಸವನ್ನು 4 ಸೆಂಟಿಮೀಟರಿನ ತುಂಡುಗಳನ್ನಾಗಿ ಕತ್ತರಿಸಿ, ಬಟ್ಟೆಯಿಂದ ಒತ್ತಿ ಒರೆಸಿ ಒಣಗಿಸಬೇಕು. ಮೂರು ದೊಡ್ಡ ಚಮಚ ಮೈದಾಕ್ಕೆ ಉಪ್ಪು, ಕರಿಮೆಣಸಿನ ಪುಡಿ ಬೆರೆಸಿ ಅದರಲ್ಲಿ ತುಂಡುಗಳನ್ನು ಹೊರಳಿಸಬೇಕು. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಚೆನ್ನಾಗಿ ಕಾದಮೇಲೆ ಒಂದು ಹಿಡಿಯಷ್ಟು ತುಂಡುಗಳನ್ನು ಮಾತ್ರ ಹಾಕಿ ಎಲ್ಲ ಮೈಯೂ ಗಾಢ ಕಂದಾಗುವಂತೆ ಹುರಿದು ತೆಗೆಯಬೇಕು. ಬಳಿಕ ಇನ್ನೊಂದು ಹಿಡಿ. ಎಲ್ಲವನ್ನೂ ಒಮ್ಮೆಗೇ ಸುರಿದರೆ ಪಾತ್ರೆ ತಣಿದು ಮಾಂಸ ನೀರು ಬಿಟ್ಟು ಬೆಳ್ಳಗೆ ಬೇಯುತ್ತದೆ. ಹುರಿದರೆ ರಸ ಒಳಗೇ ಸಿಕ್ಕಿಕೊಳ್ಳುತ್ತದೆಂಬ ನಂಬಿಕೆಯನ್ನು 19ನೆಯ ಶತಮಾನದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಹರಡಿದ. ಅದು ನಿಜವಲ್ಲ. ಹುರಿಯುವುದು ಪರಿಮಳಕ್ಕಾಗಿ. ಪ್ರೋಟೀನು ಮತ್ತು ಸಕ್ಕರೆಯಂಶಗಳು ಹೆಚ್ಚಿನ ಶಾಖದಲ್ಲಿ ಕೂಡಿದಾಗ ಹುಟ್ಟುವ ಈ ಕಂದುಬಣ್ಣ ಮತ್ತು ವಾಸನೆಯನ್ನು ಫ್ರಾನ್ಸಿನ ಮಯಾರ್ 1912ರಲ್ಲಿ ವಿವರಿಸಿದ. ದೋಸೆಯ ಅಂಚು ಕೆಂಪಾಗುವುದೂ ಇದೇ ಕ್ರಿಯೆಯಿಂದ.

ಅದೇ ಪಾತ್ರೆಯಲ್ಲಿ ಉದ್ದಕ್ಕೆ ಹೆಚ್ಚಿದ ಮೂರು ದೊಡ್ಡ ಈರುಳ್ಳಿಯನ್ನು ಹತ್ತು ನಿಮಿಷವಾದರೂ ಬಾಡಿಸಬೇಕು. ಸ್ಟೌಟಿನ ಕಹಿಗೆ ಎದುರಾಗಿ ನಿಲ್ಲುವ ಸಿಹಿ ಬರುವುದು ಈ ಈರುಳ್ಳಿಯಿಂದಲೇ, ಆದ್ದರಿಂದ ಇಲ್ಲಿ ಅವಸರ ಸಲ್ಲದು. ಮೂರೆಸಳು ಬೆಳ್ಳುಳ್ಳಿ, ಎರಡು ಸೆಲರಿ ದಂಟು, ಒಂದು ದೊಡ್ಡ ಚಮಚ ಟೊಮೇಟೊ ಪೇಸ್ಟ್ ಸೇರಿಸಿ ಮತ್ತೆರಡು ನಿಮಿಷ ಕೈಯಾಡಿಸಬೇಕು. ಈಗ 500 ಮಿಲಿಲೀಟರ್ ಸ್ಟೌಟ್ ಸುರಿದು, ತಳಕ್ಕೆ ಅಂಟಿದ ಕಂದು ಪದರವನ್ನು ಮರದ ಸೌಟಿನಿಂದ ಕೆರೆದು ಕರಗಿಸಬೇಕು. ರುಚಿಯ ಮುಕ್ಕಾಲು ಪಾಲು ಆ ಪದರದಲ್ಲಿದೆ. ಮಾಂಸವನ್ನು ಮರಳಿ ಹಾಕಿ, ಎಲುಬು ಕುದಿಸಿದ ನೀರು 400 ಮಿಲಿಲೀಟರ್, ಒಂದು ಚಿಕ್ಕ ಚಮಚ ಬೆಲ್ಲ ಅಥವಾ ಕಂದು ಸಕ್ಕರೆ, ಥೈಮ್ ಸೊಪ್ಪಿನ ನಾಲ್ಕು ಕಡ್ಡಿ, ಎರಡು ಬೇ ಎಲೆ ಸೇರಿಸಬೇಕು. ಥೈಮ್ ಸಿಗದ ಊರಿನಲ್ಲಿ ಚಿಟಿಕೆ ಓಮ ಸಾಕು, ಎರಡರ ಘಾಟಿಗೂ ಥೈಮಾಲ್ ಎಂಬ ಒಂದೇ ದ್ರವ್ಯ ಕಾರಣ. ಬೇ ಎಲೆಯೆಂದು ನಮ್ಮ ಅಂಗಡಿಗಳಲ್ಲಿ ಕೊಡುವ ಪಲಾವ್ ಎಲೆ ಮಾತ್ರ ದಾಲ್ಚಿನ್ನಿಯ ಕುಲದ್ದು, ಯುರೋಪಿನ ಬೇ ಎಲೆಯ ಮರವೇ ಬೇರೆ. ಪಲಾವ್ ಎಲೆ ಹಾಕಿದರೆ ಕೆಡುವುದಿಲ್ಲ, ಆದರೆ ಪರಿಮಳ ಪೂರ್ವಕ್ಕೆ ತಿರುಗುತ್ತದೆ.

ಹಿಂದೆ ಐರ್ಲೆಂಡಿನ ಹಳ್ಳಿಮನೆಗಳಲ್ಲಿ ಓವನ್ ಇರಲಿಲ್ಲ. ಜೌಗುನೆಲದಿಂದ ಇಟ್ಟಿಗೆಯಂತೆ ಕಡಿದು ಒಣಗಿಸಿದ ಪೀಟ್ ಮಣ್ಣೇ ಸೌದೆ. ಅದರ ಬೆಂಕಿಯ ಮೇಲೆ ‘ಬಾಸ್ಟಿಬಲ್’ ಎಂಬ ಮೂರು ಕಾಲಿನ ಎರಕದ ಕಬ್ಬಿಣದ ಪಾತ್ರೆಯನ್ನು ತೂಗುಹಾಕಿ, ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದರು. ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವ ಈ ಉಪಾಯ ನಮ್ಮ ಹಳೆಯ ಅಡುಗೆಮನೆಗಳಿಗೂ ತಿಳಿದದ್ದೇ. ಇಂದಿನ ಓವನಿನಲ್ಲಾದರೆ 150ರಿಂದ 160 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಮುಚ್ಚಳ ಹಾಕಿ, ಎರಡೂವರೆಯಿಂದ ಮೂರು ಗಂಟೆ. ಒಲೆಯ ಮೇಲಾದರೆ ತೀರ ಸಣ್ಣ ಉರಿ. ಸಾರು ಕೊತಕೊತ ಕುದಿಯಬಾರದು, ಮೇಲ್ಮೈ ಆಗೊಮ್ಮೆ ಈಗೊಮ್ಮೆ ಮಿಡುಕಿದರೆ ಸಾಕು. ಜೋರಾಗಿ ಕುದಿಸಿದರೆ ಮಾಂಸದ ಎಳೆಗಳು ಬಿಗಿದು ತಮ್ಮ ರಸವನ್ನು ತಾವೇ ಹಿಂಡಿಕೊಂಡು ಒಣಗುತ್ತವೆ. ನಾಲ್ಕು ಕ್ಯಾರೆಟ್ ಮತ್ತು ಮುಕ್ಕಾಲು ಕಿಲೋ ಬಟಾಟೆಯನ್ನು ದೊಡ್ಡ ತುಂಡು ಮಾಡಿ ಕೊನೆಯ ಒಂದು ಗಂಟೆಗೆ ಮಾತ್ರ ಸೇರಿಸುವುದು ಒಳ್ಳೆಯದು. ಪ್ರೆಷರ್ ಕುಕ್ಕರಿನಲ್ಲಿ 40 ನಿಮಿಷದಲ್ಲಿ ಮಾಂಸ ಬೇಯುತ್ತದೆ. ಆದರೆ ಅಲ್ಲಿ ನೀರು ಆವಿಯಾಗಿ ಹೋಗದು, ಆದುದರಿಂದ ಎಲುಬಿನ ನೀರನ್ನು ಅರ್ಧಕ್ಕಿಳಿಸಿ, ತೆರೆದ ಮೇಲೆ ಹತ್ತು ನಿಮಿಷ ಕುದಿಸಿ ಗಟ್ಟಿಮಾಡಬೇಕು.

ಬಿಯರ್ ಕುದಿದರೆ ಮದ್ಯಸಾರವೆಲ್ಲ ಹಾರಿಹೋಗುತ್ತದೆಂಬ ಮಾತು ಪೂರ್ತಿ ಸರಿಯಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಕಾಲು ಗಂಟೆ ಬೇಯಿಸಿದರೆ ನೂರಕ್ಕೆ 40 ಪಾಲು, ಒಂದು ಗಂಟೆಗೆ 25 ಪಾಲು, ಎರಡೂವರೆ ಗಂಟೆಗೆ ಸುಮಾರು 5 ಪಾಲು ಉಳಿಯುತ್ತದೆ. ಅಂದರೆ ಇಡೀ ಪಾತ್ರೆಯಲ್ಲಿ ಒಂದೆರಡು ಗ್ರಾಂ. ವ್ರತದಿಂದಲೋ ಧರ್ಮದಿಂದಲೋ ವೈದ್ಯರ ಮಾತಿನಿಂದಲೋ ಅದೂ ಬೇಡವೆನ್ನುವ ಮನೆಗಳಲ್ಲಿ, ಮಕ್ಕಳ ತಟ್ಟೆಗೆ ಅದು ಬೀಳಕೂಡದೆನ್ನುವ ಮನೆಗಳಲ್ಲಿ, ಸ್ಟೌಟಿನ ಬದಲು ಅಷ್ಟೇ ಎಲುಬಿನ ನೀರಿಗೆ ಒಂದು ಚಮಚ ಹಾಲಿಲ್ಲದ ಕಾಫಿ ಡಿಕಾಕ್ಷನ್ ಬೆರೆಸಿದರೆ ಹುರಿದ ಕಹಿ ಸಾಕಷ್ಟು ಬರುತ್ತದೆ.

ದನದ ಮಾಂಸದ ವಿಚಾರವೂ ಹಾಗೆಯೇ. ಕೇರಳದ ಪೇಟೆಯಲ್ಲಿ ಅದು ಸಹಜ ವ್ಯಾಪಾರ. ಮಹಾರಾಷ್ಟ್ರದಲ್ಲಿ ಗೋವಂಶದ ವಧೆಗೆ ಕಾನೂನಿನ ನಿಷೇಧವಿದೆ. ತಿನ್ನುವ ಮನೆಗಳೂ ತಿನ್ನದ ಮನೆಗಳೂ ಒಂದೇ ಶಾಲೆಗೆ ಮಕ್ಕಳನ್ನು ಕಳಿಸುತ್ತವೆ. ತಿನ್ನದವರು ಕುರಿಮಾಂಸ ಬಳಸಿದರೆ ಐರ್ಲೆಂಡಿಗೆ ಅಪಚಾರವಾಗದು. ಅಲ್ಲಿ ‘ಐರಿಶ್ ಸ್ಟ್ಯೂ’ ಎಂಬ ಹೆಸರಿಗೆ ಹಳೆಯ ಹಕ್ಕುದಾರ ಕುರಿಯ ಕುತ್ತಿಗೆಯ ಮಾಂಸ, ಈರುಳ್ಳಿ, ಬಟಾಟೆ ಮತ್ತು ನೀರು. ಅದಕ್ಕೆ ಕ್ಯಾರೆಟ್ ಹಾಕುವುದೇ ಅಪಚಾರವೆಂದು ವಾದಿಸುವವರು ಇಂದಿಗೂ ಇದ್ದಾರೆ. ಬಡಾಯಿಯಿಲ್ಲದ ಮನೆಯಡುಗೆಗೆ ಹೋಟೆಲಿನ ಮೇಜಿನಲ್ಲಿ ಮರ್ಯಾದೆ ತಂದವರಲ್ಲಿ ಕಾರ್ಕ್ ಸೀಮೆಯ ಮರ್ಟಲ್ ಆ್ಯಲನ್ ಮೊದಲಿಗರು. 1964ರಲ್ಲಿ ತಮ್ಮ ಬಾಲಿಮಲೂ ತೋಟದಮನೆಯ ಊಟದ ಕೋಣೆಯನ್ನೇ ಹೋಟೆಲಾಗಿಸಿ, ತಮ್ಮ ಹೊಲದಲ್ಲಿ ಬೆಳೆದುದನ್ನೂ ನೆರೆಯವರಿಂದ ಕೊಂಡುದನ್ನೂ ಬಡಿಸಿದರು. ಅದುವರೆಗೆ ಒಳ್ಳೆಯ ಹೋಟೆಲೆಂದರೆ ಫ್ರೆಂಚ್ ಅಡುಗೆಯೆಂಬ ಭಾವನೆ ಅಲ್ಲಿತ್ತು. ಅವರ ಸೊಸೆ ಡರೀನಾ ಆ್ಯಲನ್ 1983ರಲ್ಲಿ ಅಲ್ಲಿಯೇ ಅಡುಗೆ ಶಾಲೆ ತೆರೆದು, ಮುಂದೆ ಹಳ್ಳಿಗಳ ಹಿರಿಯರಿಂದ ಪಾಕವಿಧಾನಗಳನ್ನು ಕೇಳಿ ಸಂಗ್ರಹಿಸಿ ಪುಸ್ತಕ ಮಾಡಿದರು.

ಪಾತ್ರೆ ಇಳಿಸಿದ ಮೇಲೆ ಕಾಲು ಗಂಟೆ ಮುಚ್ಚಿಡಬೇಕು. ತೇಲುವ ಕೊಬ್ಬನ್ನು ಸೌಟಿನಿಂದ ತೆಗೆದು, ಉಪ್ಪು ನೋಡಿ, ಪಾರ್ಸ್ಲೆ ಸೊಪ್ಪು ಉದುರಿಸಿ ಬಡಿಸಬೇಕು. ಜತೆಗೆ ಐರ್ಲೆಂಡಿಗರ ಸೋಡಾ ರೊಟ್ಟಿ ಇರುತ್ತದೆ. ಗೋದಿಹಿಟ್ಟು, ಉಪ್ಪು, ಅಡುಗೆ ಸೋಡಾ, ಮಜ್ಜಿಗೆ ಇಷ್ಟೇ ಅದರ ಸಾಮಗ್ರಿ. ಮಜ್ಜಿಗೆಯ ಹುಳಿಯೂ ಸೋಡಾವೂ ಸೇರಿ ಹೊಮ್ಮುವ ಅನಿಲದಿಂದ ಹಿಟ್ಟು ಉಬ್ಬುವುದರಿಂದ ಕಲಸಿದ ಕೂಡಲೇ ಸುಡಬೇಕು. ಈ ಸಾರು ಮಾಡಿದ ದಿನಕ್ಕಿಂತ ಮರುದಿನ ರುಚಿ. ಉಳಿದುದನ್ನು ಎರಡು ಗಂಟೆಯೊಳಗೆ ತಣಿಸಿ ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆ ಅದು ಹಲ್ವದಂತೆ ಗಡ್ಡೆ ಕಟ್ಟಿರುತ್ತದೆ. ಕೆಟ್ಟಿತೆಂದು ಚೆಲ್ಲಬಾರದು, ಅದು ಕರಗಿದ ಕೊಲಾಜನ್. ಸ್ವಲ್ಪ ನೀರು ಚಿಮುಕಿಸಿ ಚೆನ್ನಾಗಿ ಕುದಿ ಬರುವಂತೆ ಬಿಸಿಮಾಡಿದರೆ ಮತ್ತೆ ಸಾರಾಗುತ್ತದೆ.